ಎರಡಕ್ಷರದ ಹೆಸರಿಗೆ ಎಂಟು ತಿಂಗಳು

ಮಗಳಿಗೆ ಎಂಟು ತಿಂಗಳು ತುಂಬಿತು. ಹೋದ ವಾರ ಅಂಚೆಯಲ್ಲಿ ಅವಳ ಆಧಾರ್ ಬಂತು. ಅಲ್ಲಿಗೆ ಅವಳಿಗೆ ಹೆಸರಿಡುವ ಕೆಲಸ ಮುಗಿಯಿತು ಅಂತ ನಾನು ಲೆಕ್ಕ ಹಾಕಿಕೊಂಡಿದ್ದೇನೆ. ಹೆಸರು ಎರಡೇ ಅಕ್ಷರದ್ದು. ಅದನ್ನು ಹುಡುಕಿ, ಮನೆಯವರನ್ನೆಲ್ಲ ಒಪ್ಪಿಸಿ, ಕಾಗದದ ಮೇಲೆ ತಪ್ಪಿಲ್ಲದೆ ಮೂಡಿಸುವುದಕ್ಕೆ ಇಷ್ಟು ದಿನ ಹಿಡಿಯುತ್ತದೆ ಅಂತ ಬಸುರಿಯಾಗಿದ್ದಾಗ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಇನ್ನು ಹೆಸರು ಹುಡುಕಲು ಹೊರಡುವವರು ನಾನು ಎಡವಿದ ಕಡೆಯಲ್ಲೇ ಎಡವಬಾರದು ಅಂತ, ನೆನಪು ಮಾಸುವ ಮೊದಲೇ ಬರೆಯುತ್ತಿದ್ದೇನೆ.

ಮೊದಲು ನನ್ನ ಹೆಸರಿನ ವಿಷಯ ಹೇಳಬೇಕು. ನನ್ನ ಹೆಸರು ಅನ್ನಪೂರ್ಣೇಶ್ವರಿ. ಅಮ್ಮ ಹೊರನಾಡಿಗೆ ಹರಕೆ ಹೊತ್ತ ಮೇಲೆ ಹುಟ್ಟಿದವಳು ನಾನು, ಹಾಗಾಗಿ ದೇವಿಯ ಹೆಸರೇ ಬಂತು. ಆ ಹೆಸರಿನ ಮೇಲೆ ನನಗೆ ಭಕ್ತಿ ಇದೆ. ಆದರೆ ಇಂಗ್ಲಿಷಿನಲ್ಲಿ ಬರೆದರೆ ಹದಿನಾರು ಅಕ್ಷರ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಪೂ'ಗೆ ಡಬಲ್ ಓ ಇದೆ, ಪ್ಯಾನ್ ಕಾರ್ಡಿನಲ್ಲಿ ಯು ಇದೆ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ 'ಶ್ವ'ದ ಡಬ್ಲ್ಯೂ ಹೋಗಿ ವಿ ಬಂದಿದೆ. ಮೂರೂ ಒಬ್ಬಳೇ ಅಂತ ತೋರಿಸುವುದಕ್ಕೆ ಕೆಲಸಕ್ಕೆ ಸೇರುವಾಗ ಒಮ್ಮೆ, ಮದುವೆ ನೋಂದಣಿಗೆ ಒಮ್ಮೆ, ಮನೆ ಸಾಲಕ್ಕೆ ಒಮ್ಮೆ ಅಫಿಡವಿಟ್ ಮಾಡಿಸಿದ್ದೇನೆ. ಪ್ರತಿ ಸಲ ನೋಟರಿಯವರ ಮೇಜಿನ ಮುಂದೆ ಕೂತಾಗಲೂ, ನನಗೆ ಮಗು ಹುಟ್ಟಿದರೆ ಹೆಸರು ಚಿಕ್ಕದಾಗಿರಲಿ ಅನ್ನಿಸುತ್ತಿತ್ತು.

ಏಳನೇ ತಿಂಗಳಲ್ಲಿ ಒಂದು ಗೆರೆ ನೋಟ್‌ಬುಕ್ ತಂದು ಬರೆಯುವುದಕ್ಕೆ ಕೂತೆ. ಹೆಣ್ಣಾದರೆ ಎಡಗಡೆ ಪುಟ, ಗಂಡಾದರೆ ಬಲಗಡೆ. ಎಡಗಡೆಯೇ ತುಂಬುತ್ತಾ ಹೋಯಿತು. ಎರಡು ಅಥವಾ ಮೂರಕ್ಷರ, ಒತ್ತಕ್ಷರ ಬೇಡ, ಅರ್ಥ ಕೇಳಿದರೆ ಒಂದೇ ಮಾತಿನಲ್ಲಿ ಹೇಳುವಂತಿರಬೇಕು, ಆದಷ್ಟು ಕನ್ನಡದ್ದೇ ಆಗಿರಬೇಕು ಅಂತ ಇಟ್ಟುಕೊಂಡೆ. ಮತ್ತೆ, ಊರಲ್ಲೆಲ್ಲ ಇರುವ ಹೆಸರು ಬೇಡ.

ಊರಲ್ಲೆಲ್ಲ ಇರುವ ಹೆಸರು ಯಾವುದು ಅಂತ ತಿಳಿಯುವುದು ಹೇಗೆ? ಇದಕ್ಕೆ ನನಗೆ ಸಿಕ್ಕ ಒಳ್ಳೆಯ ದಾರಿ ನಮ್ಮ ನಾದಿನಿ. ಅವಳು ಹಾವೇರಿ ಜಿಲ್ಲೆಯ ಸರ್ಕಾರಿ ಶಾಲೆಯಲ್ಲಿ ನಲಿಕಲಿ ಮಕ್ಕಳಿಗೆ ಪಾಠ ಮಾಡುತ್ತಾಳೆ. ಫೋನಿನಲ್ಲಿ ಕೇಳಿದಾಗ, "ವೈನೀ, ನನ್ನ ಕ್ಲಾಸಿನ್ಯಾಗ ಇಬ್ಬರು ಆರಾಧ್ಯಾ ಅದಾರ, ಒಬ್ಬಾಕಿ ಆದ್ಯಾ, ಒಬ್ಬಾಕಿ ಆರಾ. ಹಾಜರಿ ಕರಿಯೂಮುಂದ ನಾಲ್ಕೂ ಮಂದಿ ಎದ್ದು ನಿಂದರ್ತಾರ ನೋಡ್ರಿ" ಅಂದಳು. ನನ್ನ ಪಟ್ಟಿಯಲ್ಲಿದ್ದ ಹನ್ನೊಂದು ಹೆಸರು ಅವತ್ತೇ ಹೋದವು. ನೀವೂ ಹೆಸರು ಹುಡುಕುತ್ತಿದ್ದರೆ ಅಂತರ್ಜಾಲದ ಪಟ್ಟಿಗಿಂತ ಮೊದಲು ಪರಿಚಯದ ಅಂಗನವಾಡಿ ಕಾರ್ಯಕರ್ತೆಯನ್ನೋ ಒಂದನೇ ತರಗತಿಯ ಟೀಚರನ್ನೋ ಕೇಳಿ. ನಿಮ್ಮ ಮಗು ಶಾಲೆಯಲ್ಲಿ ಯಾರ ಪಕ್ಕ ಕೂರುತ್ತದೋ ಅವರ ಹೆಸರುಗಳು ಅವರಿಗೆ ಬಾಯಿಪಾಠ ಇರುತ್ತವೆ.

ಉಳಿದವುಗಳನ್ನು ಒಂದೊಂದಾಗಿ ತೂಗಿದೆ. ಹನಿ ಅಂತ ಆಸೆ ಇತ್ತು, ಇಂಗ್ಲಿಷಿನಲ್ಲಿ ಬರೆದ ಕೂಡಲೇ ಜನ ಅದನ್ನು ಇಂಗ್ಲಿಷಿನ 'ಹನಿ', ಅಂದರೆ ಜೇನುತುಪ್ಪ ಅಂತಲೇ ಓದುತ್ತಾರೆ. ಸೋನೆ, ನಮ್ಮ ಮಲೆನಾಡಿನ ಮಳೆಯ ಹೆಸರು. ಹಿಂದಿಯವರ ಕಿವಿಗೆ ಅದು ಚಿನ್ನವೋ ನಿದ್ದೆಯೋ ಆಗುತ್ತದೆ. ಇಳೆ ನನಗೆ ಬಹಳ ಇಷ್ಟವಿತ್ತು. ಆದರೆ ಇಂಗ್ಲಿಷಿಗೆ ಹೋದರೆ ಳಕಾರ ಸತ್ತೇಹೋಗುತ್ತದೆ, ಮಗುವಿನ ಹೆಸರನ್ನು ಕನ್ನಡ ಬಾರದ ಯಾರೂ ಸರಿಯಾಗಿ ಕರೆಯುವುದಿಲ್ಲ. ಪೆರೆ ಅಂದರೆ ಹಳಗನ್ನಡದಲ್ಲಿ ಚಂದ್ರ. ಅಮ್ಮನಿಗೆ ಹೇಳಿದಾಗ, "ಹಾವಿನ ಪೊರೆ ಅಂದಂಗೆ ಕೇಳ್ತು ಮಾರಾಯ್ತಿ" ಅಂದರು. ಎಸಳು, ಎಲರು, ತೊರೆ, ಇಬ್ಬನಿ, ಎಲ್ಲಕ್ಕೂ ಒಬ್ಬರಲ್ಲ ಒಬ್ಬರು ಏನಾದರೊಂದು ಹೇಳಿದರು. ಪಟ್ಟಿಯನ್ನು ಎಲ್ಲರಿಗೂ ತೋರಿಸುತ್ತಾ ಹೋದದ್ದು ನನ್ನ ಮೊದಲ ತಪ್ಪು. ಇಪ್ಪತ್ತು ಹೆಸರು ತೋರಿಸಿದರೆ ಇಪ್ಪತ್ತಕ್ಕೂ ದೋಷ ಬರುತ್ತದೆ. ಗಂಡ ಹೆಂಡತಿ ಇಬ್ಬರೇ ಕೂತು ಎರಡು ಮೂರಕ್ಕೆ ಇಳಿಸಿಕೊಂಡು ಆಮೇಲೆ ಹಿರಿಯರ ಮುಂದೆ ಇಡುವುದು ಒಳ್ಳೆಯದು.

ನೋಟ್‌ಬುಕ್ ಅಲ್ಲಿಗೇ ನಿಂತಿತ್ತು. ಆಷಾಢದ ಒಂದು ಬೆಳಗಿನ ಜಾವ ಮಗಳು ಹುಟ್ಟಿದಳು.

ಬಾಣಂತನ ತವರಿನಲ್ಲಿ. ನಾವಿರುವುದು ಧಾರವಾಡದಲ್ಲಿ, ನನ್ನ ತವರು ಶಿವಮೊಗ್ಗ ಜಿಲ್ಲೆಯ ಒಂದು ಸಣ್ಣ ಊರು. ಆ ರಾತ್ರಿ ಸುರಿದ ಮಳೆಗೆ ಕರೆಂಟ್ ಎರಡು ಸಲ ಹೋಗಿ ಬಂದಿತ್ತು. ಹೆರಿಗೆ ಸುಸೂತ್ರವಾಯಿತು, ಮಗು ಎರಡು ಕಿಲೋ ಏಳುನೂರು ಗ್ರಾಂ. ಮೂರನೇ ದಿನ ಡಿಸ್ಚಾರ್ಜ್ ಮಾಡುವಾಗ ಕೌಂಟರಿನಲ್ಲಿದ್ದ ಹುಡುಗಿ ಜನನ ನೋಂದಣಿಯ ಫಾರಂ ಅಪ್ಪನ ಕೈಗೆ ಕೊಟ್ಟು, "ಹೆಸರು ಏನಾದ್ರೂ ಒಂದು ಬರ್ದುಬಿಡಿ, ಆಮೇಲೆ ಚೇಂಜ್ ಮಾಡ್ಕೋಬಹುದು" ಅಂದಳು. ಅಪ್ಪ ಪೆನ್ನು ತೆಗೆದು 'ಪುಟ್ಟಿ' ಅಂತ ಬರೆಯುವುದರಲ್ಲಿದ್ದರು. ಹೊಲಿಗೆ ನೋವಿನಲ್ಲಿ ನಿಲ್ಲುವುದಕ್ಕೂ ಆಗದೆ ಗೋಡೆ ಹಿಡಿದುಕೊಂಡಿದ್ದೆ. ಅಲ್ಲಿಂದಲೇ, "ಅಪ್ಪಾ, ಬೇಡ, ಖಾಲಿ ಬಿಡಿ" ಅಂತ ಕೂಗಿದೆ.

ಈ ಎಂಟು ತಿಂಗಳಲ್ಲಿ ನಾನು ಮಾಡಿದ ಸರಿಯಾದ ಕೆಲಸ ಅದೊಂದೇ ಇರಬಹುದು. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಮಾಹಿತಿಯನ್ನು 21 ದಿನದೊಳಗೆ ನೋಂದಣಿಗೆ ಕೊಡುವುದು ಆಸ್ಪತ್ರೆಯವರ ಹೊಣೆ. ಆದರೆ ಹೆಸರು ಆಗಲೇ ಇರಬೇಕು ಅಂತ ಕಾನೂನಿಲ್ಲ. ಹೆಸರಿಲ್ಲದೆಯೂ ಜನನ ನೋಂದಣಿ ಆಗುತ್ತದೆ, ಪ್ರಮಾಣಪತ್ರವೂ ಬರುತ್ತದೆ, ಹೆಸರಿನ ಜಾಗ ಖಾಲಿ ಇರುತ್ತದೆ. ಒಂದು ವರ್ಷದೊಳಗೆ ಹೆಸರು ಸೇರಿಸಿದರೆ ಶುಲ್ಕ ಇಲ್ಲ. ಅದಾದ ಮೇಲೂ ಹದಿನೈದು ವರ್ಷದವರೆಗೆ ವಿಳಂಬ ಶುಲ್ಕ ಕಟ್ಟಿ ಸೇರಿಸಬಹುದು. ಖಾಲಿ ಜಾಗಕ್ಕೆ ಹೆಸರು ಸೇರಿಸುವುದು ಸುಲಭ. ಒಮ್ಮೆ ಬರೆದ ಹೆಸರನ್ನು ಬದಲಿಸುವುದು ಮಾತ್ರ ಬಹಳ ಕಷ್ಟ. ಕೌಂಟರಿನಲ್ಲಿ ಅವಸರ ಮಾಡಿದರೂ ಮುದ್ದಿನ ಹೆಸರು ಬರೆದು ಬರಬೇಡಿ.

ಅಪ್ಪ ಹುಟ್ಟಿದ ಹೊತ್ತು ಬರೆದುಕೊಂಡು ಪುರೋಹಿತರ ಹತ್ತಿರ ಹೋದರು. ಹಸ್ತ ನಕ್ಷತ್ರ, ಮೂರನೇ ಪಾದ, ಕನ್ಯಾ ರಾಶಿ. ಹಸ್ತಕ್ಕೆ ಪು, ಷ, ಣ, ಠ ಅಂತ ನಾಲ್ಕು ಅಕ್ಷರ. ಮೂರನೇ ಪಾದಕ್ಕೆ ಬರುವುದು ಣ. ಅಪ್ಪ ಮನೆಗೆ ಬಂದು ಆ ಚೀಟಿಯನ್ನು ಮಂಚದ ಮೇಲಿಟ್ಟು ಸುಮ್ಮನೆ ಕೂತರು. ಕನ್ನಡದಲ್ಲಿ ಣಕಾರದಿಂದ ಶುರುವಾಗುವ ಒಂದು ಮಾತಾದರೂ ಇದೆಯಾ? ನಾನು ನಿಜವಾಗಿ ಕುಗ್ಗಿಹೋದೆ. ಬಾಣಂತಿಗೆ ಸಣ್ಣ ವಿಷಯಕ್ಕೂ ಅಳು ಬರುತ್ತದೆ ಅನ್ನುತ್ತಾರಲ್ಲ, ಹಾಗೇ ಆಯಿತು. ಇಷ್ಟು ತಿಂಗಳು ಬರೆದಿಟ್ಟ ಹೆಸರುಗಳಲ್ಲಿ ಒಂದೂ ಇವಳದ್ದಲ್ಲವೇನೋ ಅಂತ ರಾತ್ರಿಯೆಲ್ಲ ಮಗುವನ್ನು ಎದೆಗೆ ಹಾಕಿಕೊಂಡು ಕೂತಿದ್ದೆ.

ಮಾರನೇ ದಿನ ಪುರೋಹಿತರಿಗೆ ನಾನೇ ಫೋನ್ ಮಾಡಿದೆ. ಅವರು ಸಮಾಧಾನದಿಂದ ಹೇಳಿದರು: "ಇದಕ್ಕೆಲ್ಲ ಯೋಚನೆ ಮಾಡ್ಬೇಡ ಮಗಾ. ಣ ಬಂದವರು ನ ಇಟ್ಕೊಳ್ತಾರೆ. ಇಲ್ಲಾ ಅದೇ ರಾಶಿಯ ಬೇರೆ ಅಕ್ಷರ ತಗೊಳ್ತಾರೆ, ಕನ್ಯಾ ರಾಶಿಗೆ ಪಕಾರವೂ ಬರ್ತದೆ." ಇನ್ನೊಂದು ಮಾತನ್ನೂ ಹೇಳಿದರು. ಅಕ್ಕಿಯ ಮೇಲೆ ಬರೆಯುವ ನಕ್ಷತ್ರನಾಮ ಬೇರೆ, ದಿನಾ ಕರೆಯುವ ವ್ಯವಹಾರನಾಮ ಬೇರೆ. ಎರಡೂ ಒಂದೇ ಆಗಬೇಕು ಅಂತಿಲ್ಲ. ಆರ್ದ್ರಾದವರಿಗೆ ಙ, ಉತ್ತರಾಭಾದ್ರದವರಿಗೆ ಞ ಬರುವುದೂ ಉಂಟು. ಅವರು ಯಾರೂ ಗಾಬರಿಯಾಗಬೇಕಿಲ್ಲ, ನಿಮ್ಮ ಮನೆಗೆ ಬರುವ ಪುರೋಹಿತರನ್ನು ಒಂದು ಮಾತು ಕೇಳಿ.

ನ ಅನ್ನುವ ಅಕ್ಷರ ಕೈಗೆ ಸಿಕ್ಕಿತು. ನಮ್ಮಪ್ಪನ ಕಪಾಟಿನಲ್ಲಿ ಕಿಟೆಲ್ ನಿಘಂಟು ಇದೆ, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ನಿಘಂಟಿನ ಮರುಮುದ್ರಣ. ಮಗು ಮಲಗಿದ ಹೊತ್ತಿನಲ್ಲಿ ನಕಾರದ ಪುಟಗಳನ್ನು ತಿರುವಿ ಹಾಕುತ್ತಿದ್ದೆ. ನಂಜು, ನಗು, ನಚ್ಚು, ನಡು, ನಣ್ಪು, ಹೀಗೆ ಬೆರಳಿಟ್ಟುಕೊಂಡು ಬರುತ್ತಾ 'ನನೆ' ಅನ್ನುವಲ್ಲಿ ನಿಂತೆ. ಒಂದು ಅರ್ಥ, ಒದ್ದೆಯಾಗು, ತೊಯ್ಯು. ನಾವು ಈಗ 'ನೆನೆ' ಅನ್ನುತ್ತೇವಲ್ಲ, ಅದು. ಇನ್ನೊಂದು ಅರ್ಥ, ಹೂವಿನ ಮೊಗ್ಗು. ಬಿ.ಎ.ಯಲ್ಲಿ ಕನ್ನಡ ಓದುವಾಗ ಕಾಮನ ಬಾಣಕ್ಕೆ ನನೆಯಂಬು ಅನ್ನುವ ಮಾತು ಬಂದಿತ್ತು, ಮೇಷ್ಟ್ರು ಬೋರ್ಡಿನ ಮೇಲೆ ಬಿಡಿಸಿ ಬರೆದದ್ದು ನೆನಪಾಯಿತು. ಹೊರಗೆ ಮಳೆ ಹೊಯ್ಯುತ್ತಿತ್ತು. ತೊಟ್ಟಿಲಲ್ಲಿ ಅವಳು ಎರಡೂ ಮುಷ್ಟಿ ಮುಚ್ಚಿ ಮಲಗಿದ್ದಳು. ನಾನು ಮೆಲ್ಲಗೆ ಒಂದು ಸಲ ಕರೆದು ನೋಡಿದೆ.

ರಾತ್ರಿ ನಮ್ಮವರಿಗೆ ಫೋನ್ ಮಾಡಿ ಹೇಳಿದಾಗ ಅವರು ಎರಡು ಮೂರು ಸಲ ಬಾಯಲ್ಲಿ ಆಡಿಸಿದರು. "ಛಲೋ ಅದ. ಆದ್ರ ಯಾರಿಗೂ ಅರ್ಥ ಆಗೂದಿಲ್ಲ" ಅಂದರು. ಯಾರಿಗೂ ಅರ್ಥವಾಗದ ಹೆಸರು ಇಡಬೇಕಾ ಅನ್ನುವುದು ನಮ್ಮಿಬ್ಬರ ನಡುವೆ ಒಂದು ವಾರ ನಡೆಯಿತು. 'ಹಂಗಂದ್ರ ಏನ್ರೀ' ಅಂತ ಅವಳನ್ನು ಜೀವನಪೂರ್ತಿ ಕೇಳುತ್ತಾರೆ, ನಿಜ. ಅದಕ್ಕೆ ಅವಳು 'ಮೊಗ್ಗು' ಅಂದರೆ ಸಾಕಲ್ಲ, ಆಗ ಕೇಳಿದವರಿಗೂ ಒಂದು ಕನ್ನಡದ ಮಾತು ಗೊತ್ತಾಗುತ್ತದೆ ಅಂತ ನಾನು ವಾದಿಸಿದೆ. ಕೊನೆಗೆ ಅವರೇ, "ಅರ್ಥ ಹೇಳಾಕ ಒಂದು ಮಾತು ಸಾಕಾಗೂದಾದ್ರ ಇಡೋಣು" ಅಂದರು.

ಬೇರೆ ಭಾಷೆಗಳಲ್ಲಿ ಕೆಟ್ಟ ಅರ್ಥ ಇದೆಯಾ ಅಂತ ನೋಡಲೇಬೇಕು. ದುಬೈಯಲ್ಲಿರುವ ನಮ್ಮ ಭಾವ ಆಫೀಸಿನಲ್ಲಿ ಹತ್ತು ದೇಶದವರ ಜೊತೆ ಕೆಲಸ ಮಾಡುತ್ತಾರೆ, ಅವರಿಗೆ ಕೇಳಿಸಿದೆ. ಇಂಗ್ಲಿಷಿನಲ್ಲಿ ಎನ್-ಎ-ಎನ್-ಎ-ವೈ ಅಂತ ಬರೆದರೆ ಫಿಲಿಪೀನ್ಸಿನವರಿಗೆ ಅದು ಅಮ್ಮ. ಎನ್-ಎ-ಎನ್-ಇ ಅಂದರೆ ಸ್ವಾಹಿಲಿಯಲ್ಲಿ ಎಂಟು. ಆರ್ಮೇನಿಯದಲ್ಲಿ ಅದು ಹಳೆಯ ಕಾಲದ ಒಬ್ಬ ದೇವಿಯ ಹೆಸರು, ಈಗಲೂ ಹೆಣ್ಣುಮಕ್ಕಳಿಗೆ ಇಡುತ್ತಾರಂತೆ. ಧಾರವಾಡದ ನಮ್ಮ ಪಕ್ಕದ ಮನೆಯ ತಮಿಳು ಆಂಟಿ ಮಾತ್ರ, ನನೈ ಅಂದರೆ ನಮ್ಮಲ್ಲಿ ಒದ್ದೆಯಾಗುವುದು ಅಂದರು. ಹಳೆಯ ತಮಿಳಿನಲ್ಲೂ ಅದಕ್ಕೆ ಮೊಗ್ಗು ಅನ್ನುವ ಅರ್ಥ ಇದೆ ಅಂತ ಅಪ್ಪ ಹುಡುಕಿ ತೋರಿಸಿದಾಗ ನನಗೆ ಧೈರ್ಯ ಬಂತು. ತೆಲುಗಿನ ನನ ಕೂಡ ಮೊಗ್ಗೇ. ಅಕ್ಕತಂಗಿಯರಂಥ ಭಾಷೆಗಳಲ್ಲಿ ಉಳಿದುಕೊಂಡು ಬಂದ ಮಾತು ಇದು, ನಾನು ಕಟ್ಟಿದ್ದಲ್ಲ.

ಇಂಗ್ಲಿಷ್ ಕಾಗುಣಿತಕ್ಕೆ ಇನ್ನೊಂದು ವಾರ. ಕೊನೆಯಲ್ಲಿ ಇ ಒಂದೇ ಇದ್ದರೆ 'ನೇನ್' ಅಂತ ಓದುತ್ತಾರೆ ಅಂತ ಒಬ್ಬರು, ಎ-ಇ ಹಾಕಿ ಅಂತ ಇನ್ನೊಬ್ಬರು. ಸಂಖ್ಯಾಶಾಸ್ತ್ರ ನೋಡುವವರೊಬ್ಬರು ಎನ್ ಎರಡು ಹಾಕಿದರೆ ಒಳ್ಳೆಯದು ಅಂತ ಹೇಳಿ ಕಳಿಸಿದರು. ನನ್ನ ಹೆಸರಿನ ಡಬಲ್ ಓ ನೆನಪಿದ್ದ ನನಗೆ ಯಾವ ಅಲಂಕಾರವೂ ಬೇಡವಾಗಿತ್ತು. ಎನ್-ಎ-ಎನ್-ಇ, ನಾಲ್ಕೇ ಅಕ್ಷರ. ಫೋನಿನಲ್ಲಿ ಹೇಳಿದರೆ ಎದುರಿನವರು ಒಂದೇ ಸಲಕ್ಕೆ ಬರೆದುಕೊಳ್ಳಬೇಕು. ಐದು ಜನಕ್ಕೆ ಹೇಳಿ ನೋಡಿದೆವು, ಐದೂ ಜನ ಸರಿಯಾಗಿ ಬರೆದುಕೊಂಡರು.

ಒಂದು ತಿಂಗಳಾದ ಮೇಲೆ ಅತ್ತೆ ಮಗುವನ್ನು ನೋಡುವುದಕ್ಕೆ ಧಾರವಾಡದಿಂದ ಬಂದರು. ಅವರ ಮನಸ್ಸಿನಲ್ಲಿದ್ದ ಹೆಸರು ಪಾರ್ವತಿ, ಅವರ ಅತ್ತೆಯದು. ಆ ಅಜ್ಜಿ ಹತ್ತು ಜನರ ಮನೆಯನ್ನು ಒಬ್ಬರೇ ನಡೆಸಿದವರು. ಅವರು ಹೋದ ಮೇಲೆ ಹುಟ್ಟಿದ ಮೊದಲ ಹೆಣ್ಣುಮಗು ಇದು. ನಾನು ನನೆ ಅಂತ ಹೇಳಿದಾಗ ಅವರು ಬೇಡ ಅನ್ನಲಿಲ್ಲ. ಎದ್ದು ಅಂಗಳಕ್ಕೆ ಹೋಗಿ ತೋಟದ ಕಡೆ ಮುಖ ಮಾಡಿ ನಿಂತರು. "ಹೆಸರು ಅಂದ್ರ ಹಿತ್ತಲದಾಗ ನಿಂತು ಒದರಿದ್ರ ಹೊಲದಾಗ ಇದ್ದಾಕಿಗೆ ಕೇಳಬೇಕವ್ವಾ" ಅಂತ ಹೇಳಿ, "ನನೇ... ಏ ನನೇ..." ಅಂತ ಕರೆದರು. ತೋಟದಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸು ತಲೆ ಎತ್ತಿ, "ನನ್ನ ಕರೆದ್ರಾ ಅಮ್ಮಾ?" ಅಂತ ಕೇಳಿದಳು.

ನನ್ನ ಎದೆ ಧಸಕ್ಕೆಂದಿತು. ಇಷ್ಟು ಭಾಷೆಗಳಲ್ಲಿ ಹುಡುಕಿದ್ದೆ, ನಮ್ಮದೇ ಅಂಗಳದಲ್ಲಿ ನಿಂತು ಗಟ್ಟಿಯಾಗಿ ಕರೆದು ನೋಡಿರಲಿಲ್ಲ. ಎಳೆದು ಕರೆದರೆ ಅದು 'ನನ್ನೇ' ಅಂತ ಕೇಳುತ್ತದೆ. ಅತ್ತೆ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು. ಆಮೇಲೆ ಮತ್ತೆ ಬಾಯಿ ತೆರೆದು, "ನನೆವ್ವಾ..." ಅಂತ ಕರೆದರು. ಅದು ಬೇರೆಯೇ ಹೆಸರಿನಂತೆ ಕೇಳಿತು, ತೋಟದ ಆ ತುದಿವರೆಗೂ ಹೋಯಿತು. "ಅವ್ವ ಹಚ್ಚಿದ್ರ ಸರಿ ಆಗತದ ನೋಡು. ನಮ್ಮ ಕಡೆ ಹೆಣ್ಣುಮಕ್ಕಳನ್ನ ಬರೇ ಹೆಸರಿಂದ ಯಾರು ಕರೀತಾರ?" ಅಂದರು. ಪಾರ್ವತಿಯ ಮಾತು ಅವರು ಮತ್ತೆ ಎತ್ತಲಿಲ್ಲ. ಎತ್ತಲಿಲ್ಲ ಅನ್ನುವುದೇ ನನಗೆ ಸಂಕಟವಾಗಿತ್ತು.

ಅದನ್ನು ಬಿಡಿಸಿದವರು ಪುರೋಹಿತರು. ಮೂರನೇ ತಿಂಗಳಲ್ಲಿ ತೊಟ್ಟಿಲು ಹಾಕುವುದು ಅಂತ ಗೊತ್ತಾಯಿತು. ದಿನ ನೋಡುವುದಕ್ಕೆ ಹೋದಾಗ ಅವರು ನನೆ ಅನ್ನುವ ಹೆಸರು ಕೇಳಿ ಬೆರಳು ಮಡಚಿದರು. ಶಾಸ್ತ್ರದ ಪ್ರಕಾರ ಹೆಣ್ಣುಮಗುವಿನ ಹೆಸರಿಗೆ ಬೆಸ ಸಂಖ್ಯೆಯ ಅಕ್ಷರ ಇರಬೇಕು, ಗಂಡಿಗೆ ಸಮ. ಕೊನೆ ದೀರ್ಘವಾಗಬೇಕು. ಎರಡಕ್ಷರದ್ದು ಹೆಣ್ಣಿಗೆ ಬರುವುದಿಲ್ಲ ಅಂದರು. ಚಿಕ್ಕ ಹೆಸರು ಹುಡುಕುವವರಿಗೆ ಈ ತೊಡಕು ಎದುರಾಗುವುದು ಖಂಡಿತ, ಮೊದಲೇ ಗೊತ್ತಿರಲಿ. ನಾನು ಅಕ್ಕಿಯ ಮೇಲಿನ ಹೆಸರು ಬೇರೆ ಇರಬಹುದು ಅಂತ ನೀವೇ ಹೇಳಿದ್ದಿರಲ್ಲ ಅಂದೆ. ಹೌದು, ಅದಕ್ಕೆ ಮೂರಕ್ಷರದ್ದು ಒಂದು ಕೊಡಿ ಅಂದರು. ನಮ್ಮವರು ಅಪ್ಪನ ಪಕ್ಕ ಕೂತಿದ್ದರು. "ಪಾರ್ವತಿ ಆಗತದೇನ್ರೀ?" ಅಂತ ಕೇಳಿದರು. ಪಾ, ರ್ವ, ತಿ. ಮೂರಕ್ಷರ. ಪಕಾರ ಕನ್ಯಾ ರಾಶಿಯದ್ದೇ. ಪುರೋಹಿತರು "ಇದಕ್ಕಿಂತ ಚೆನ್ನಾಗಿರೋದು ಯಾವುದಿದೆ" ಅಂದುಬಿಟ್ಟರು.

ನಾಮಕರಣದ ದಿನ ಹಿತ್ತಾಳೆ ತಟ್ಟೆಯಲ್ಲಿ ಅಕ್ಕಿ ಹರಡಿದರು. ನಮ್ಮವರು ಉಂಗುರ ಹಿಡಿದು ಮೊದಲು ಪಾರ್ವತಿ ಅಂತ ಬರೆದರು, ಕೆಳಗೆ ನನೆ ಅಂತ. ಅಕ್ಕಿಕಾಳು ಸರಿದು ತಟ್ಟೆಯ ಹಳದಿ ಹೊಳಪು ಅಕ್ಷರದ ಆಕಾರದಲ್ಲಿ ಕಂಡಿತು. ಅತ್ತೆ ಬಗ್ಗಿ, ಓದಿ, ಸೆರಗಿನಿಂದ ಕಣ್ಣು ಒತ್ತಿಕೊಂಡರು. ಆಮೇಲೆ ಅವರ ಕಡೆಯ ಪದ್ಧತಿ. ಸೋದರತ್ತೆಯಾದ ನಾದಿನಿ ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳಿದಳು, ಹಿಂದೆ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಿದರು. ನಮ್ಮ ಕಡೆಯವರು ಇದನ್ನು ನೋಡಿರಲಿಲ್ಲ, ಅಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡು ನಕ್ಕರು. ಗುಗ್ಗರಿ ಹಂಚಿದೆವು. ಬಂದವರಲ್ಲಿ ಅರ್ಧದಷ್ಟು ಜನ ಅರ್ಥ ಕೇಳಿದರು. ಮೊಗ್ಗು, ಮೊಗ್ಗು ಅಂತ ನಾನು, ಅಮ್ಮ, ಅತ್ತೆ ಮೂರೂ ಜನ ಹೇಳಿದೆವು.

ಇಲ್ಲಿಂದ ಮುಂದೆ ಬರೀ ಕಾಗದದ ಕೆಲಸ ಅಂತ ತಿಳಿದಿದ್ದೆ.

ಜನನ ನೋಂದಣಿ ಆಗುವುದು ಮಗು ಹುಟ್ಟಿದ ಊರಿನಲ್ಲಿ, ನೀವು ವಾಸ ಇರುವ ಊರಿನಲ್ಲಲ್ಲ. ಬಾಣಂತನಕ್ಕೆ ತವರಿಗೆ ಹೋದವರು ಇದನ್ನು ಗಟ್ಟಿಯಾಗಿ ನೆನಪಿಡಿ. ಹೆಸರು ಸೇರಿಸುವುದಕ್ಕೂ ಅದೇ ಕಚೇರಿಗೆ ಹೋಗಬೇಕು. ನಾಮಕರಣ ಭಾನುವಾರ ಮುಗಿಯಿತು, ನಮ್ಮವರು ರಾತ್ರಿ ಬಸ್ಸಿಗೆ ಧಾರವಾಡಕ್ಕೆ ಹೋದರು. ಮಂಗಳವಾರ ನಾನು ಅಪ್ಪನ ಜೊತೆ ಹೋದರೆ, ಅರ್ಜಿಗೆ ತಾಯಿ ತಂದೆ ಇಬ್ಬರ ಸಹಿಯೂ ಬೇಕು ಅಂದರು. ಅವರನ್ನು ಒಂದು ದಿನ ನಿಲ್ಲಿಸಿಕೊಂಡಿದ್ದರೆ, ಇಲ್ಲಾ ಅರ್ಜಿ ಮೊದಲೇ ತಂದಿಟ್ಟು ಸಹಿ ಹಾಕಿಸಿಕೊಂಡಿದ್ದರೆ ಮೂರು ವಾರ ಉಳಿಯುತ್ತಿತ್ತು. ಎರಡನೇ ಸಲ ಇಬ್ಬರೂ ಹೋದೆವು. ಹೆಸರಿಲ್ಲದ ಮೂಲ ಪ್ರಮಾಣಪತ್ರ, ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ, ಇಬ್ಬರ ಆಧಾರ್, ಅವುಗಳ ಜೆರಾಕ್ಸ್ ಎರಡೆರಡು ಪ್ರತಿ. ಇವಿಷ್ಟು ಕೇಳಿದರು. ನನ್ನ ಆಧಾರಿನಲ್ಲಿರುವ ಹೆಸರೇ ಆಸ್ಪತ್ರೆಯ ಕಾಗದದಲ್ಲೂ ಇದೆಯಾ ಅಂತ ಹದಿನಾರು ಅಕ್ಷರವನ್ನೂ ಪೆನ್ಸಿಲ್ ತುದಿಯಿಂದ ಎಣಿಸಿ ನೋಡಿದರು. ಸರಿ ಇತ್ತು.

ಮನೆತನದ ಹೆಸರಿನ ಮಾತೂ ಅಲ್ಲೇ ಬಂತು. ನಮ್ಮ ತವರಿನ ಕಡೆ ಇನಿಶಿಯಲ್ ಹಾಕುತ್ತಾರೆ, ಧಾರವಾಡದ ಕಡೆ ಅಡ್ಡಹೆಸರು ಪೂರ್ತಿ ಬರೆಯುತ್ತಾರೆ. ನಾವು ಹೆಸರು ಚಿಕ್ಕದಾಗಿದ್ದಕ್ಕೇ ಅಡ್ಡಹೆಸರನ್ನು ಪೂರ್ತಿ ಹಾಕಿಸಿದೆವು. ದುಬೈ ಭಾವ ಒತ್ತಿ ಹೇಳಿದ್ದರು, ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವವರಿಗೆ ಯುಎಇಯ ಭೇಟಿ ವೀಸಾಕ್ಕೆ 2022ರ ನವೆಂಬರ್‌ನಿಂದ ತೊಡಕಾಗಿದೆ ಅಂತ. ಹೆಸರು ಎಷ್ಟು ಚಿಕ್ಕದಿದ್ದರೂ ಪಕ್ಕದಲ್ಲಿ ಇನ್ನೊಂದು ಪೂರ್ಣ ಪದ ಇರಲಿ.

ಆರು ದಿನದ ಮೇಲೆ ಅಪ್ಪ ಪ್ರಮಾಣಪತ್ರ ತಂದು ಫೋಟೋ ಕಳಿಸಿದರು. ನಾನು ಆಗ ಮಗುವಿನ ಜೊತೆ ಧಾರವಾಡಕ್ಕೆ ಬಂದಾಗಿತ್ತು. ಫೋಟೋ ದೊಡ್ಡದು ಮಾಡಿ ನೋಡಿದೆ. ಕನ್ನಡದ ಸಾಲಿನಲ್ಲಿ 'ನೆನೆ' ಅಂತಿತ್ತು. ಇಂಗ್ಲಿಷಿನಲ್ಲಿ ಎನ್-ಇ-ಎನ್-ಇ. ಕಚೇರಿಗೆ ಫೋನ್ ಮಾಡಿದಾಗ ಟೈಪು ಮಾಡಿದವರು ಸೌಜನ್ಯದಿಂದಲೇ ಮಾತಾಡಿದರು: "ಅರ್ಜೀಲಿ ನನೆ ಅಂತಿತ್ತು ಮೇಡಂ. ಹಂಗೆ ಪದ ಇಲ್ವಲ್ಲ, ಕೈತಪ್ಪು ಅನ್ಕೊಂಡು ನಾನೇ ಸರಿ ಮಾಡ್ದೆ."

ಸಿಟ್ಟಿಗಿಂತ ಹೆಚ್ಚು ದುಃಖವಾಯಿತು. ನಿಘಂಟಿನ ಪುಟದಿಂದ ಎತ್ತಿಕೊಂಡು ಬಂದ ಮಾತು ಒಂದು ಎತ್ವದ ವ್ಯತ್ಯಾಸಕ್ಕೆ ಮತ್ತೆ ಇಲ್ಲವಾಗುವುದರಲ್ಲಿತ್ತು. ಪರವಾಗಿಲ್ಲ ಬಿಡು ಅನ್ನುವಂತೆಯೂ ಇರಲಿಲ್ಲ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್, ಮತದಾರರ ಪಟ್ಟಿ ಎಲ್ಲಕ್ಕೂ ಹುಟ್ಟಿದ ದಿನ ಮತ್ತು ಸ್ಥಳದ ದಾಖಲೆ ಅಂದರೆ ಈ ಪ್ರಮಾಣಪತ್ರವೇ. ಇಲ್ಲಿ ತಪ್ಪಿದ ಅಕ್ಷರ ಎಲ್ಲ ಕಡೆಗೂ ಹಿಂಬಾಲಿಸುತ್ತದೆ, ನನ್ನ ಡಬಲ್ ಓ ನನ್ನನ್ನು ಹಿಂಬಾಲಿಸಿದ ಹಾಗೆ.

1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ಕಲಂನಲ್ಲಿ ತಪ್ಪು ನಮೂದು ತಿದ್ದುವುದಕ್ಕೆ ಅವಕಾಶ ಇದೆ. ನಾವು ಕೊಟ್ಟ ಅರ್ಜಿಯ ಪ್ರತಿಯಲ್ಲಿ ಹೆಸರು ಸರಿಯಾಗಿತ್ತು, ಅದು ನಮ್ಮ ಕೈಯಲ್ಲಿತ್ತು. ಸ್ವೀಕೃತಿಯ ಮೊಹರು ಇರುವ ಆ ಜೆರಾಕ್ಸ್ ನಮ್ಮನ್ನು ಕಾಪಾಡಿತು. ಆದರೂ ನಮ್ಮಿಬ್ಬರ ಅಫಿಡವಿಟ್ ಮತ್ತು ವಿಷಯ ಬಲ್ಲ ಇಬ್ಬರ ಹೇಳಿಕೆ ಕೇಳಿದರು. ಒಬ್ಬರು ಪುರೋಹಿತರು, ಇನ್ನೊಬ್ಬರು ಅಪ್ಪನ ಗೆಳೆಯರು. ಅಫಿಡವಿಟ್ಟಿಗೆ ಛಾಪಾ ಕಾಗದ, ಟೈಪಿಂಗ್, ನೋಟರಿ ಸೇರಿ 400 ರೂಪಾಯಿ ಆಯಿತು. ಮಗಳ ಹೆಸರಿಗಾಗಿ ನಾನು ಮತ್ತೆ ನೋಟರಿಯ ಮುಂದೆ ಕೂತಿದ್ದೆ. ಈ ಸಲ ಅಪ್ಪ ನಿಘಂಟಿನ ಆ ಪುಟದ ಜೆರಾಕ್ಸನ್ನೂ ಅರ್ಜಿಗೆ ಲಗತ್ತಿಸಿದರು, ಯಾರೂ ಕೇಳಿರಲಿಲ್ಲ. ಕೆಂಪು ಪೆನ್ನಿನಲ್ಲಿ 'ನನೆ' ಅನ್ನುವುದಕ್ಕೆ ಅಡಿಗೆರೆ ಹಾಕಿದ್ದರು.

ತಿದ್ದಿದ ಪ್ರಮಾಣಪತ್ರ ಬರುವುದಕ್ಕೆ ಹದಿನೆಂಟು ದಿನ. ತರಲು ನಾವೇ ಹೋದೆವು. ಅಚ್ಚು ಹಾಕುವ ಮೊದಲು ಪರದೆ ತೋರಿಸಿ ಅಂತ ಕೇಳಿದೆ. ಅವರು ಮಾನಿಟರನ್ನು ನಮ್ಮ ಕಡೆ ತಿರುಗಿಸಿದರು. "ಮೊಗ್ಗಂತೆ ಅಲ್ವಾ ಮೇಡಂ, ಓದ್ದೆ" ಅಂದರು. ಯಾವ ಊರಿನಲ್ಲಾದರೂ ಸರಿ, ಹೆಸರು ಅಪರೂಪದ್ದಾದರೆ ಅರ್ಜಿಯಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ದೊಡ್ಡಕ್ಷರದಲ್ಲಿ ಬರೆದು, ಪಕ್ಕದಲ್ಲಿ 'ಇದೇ ಸರಿಯಾದ ಹೆಸರು' ಅಂತ ಒಂದು ಸಾಲು ಸೇರಿಸಿ. ಪರದೆ ನೋಡದೆ ಮನೆಗೆ ಬರಬೇಡಿ.

ಆಧಾರಿಗೆ ಧಾರವಾಡದಲ್ಲೇ ಕೊಟ್ಟೆವು. ಐದು ವರ್ಷದೊಳಗಿನ ಮಕ್ಕಳಿಗೆ ಬೆರಳಚ್ಚು ತೆಗೆಯುವುದಿಲ್ಲ, ಫೋಟೋ ಮಾತ್ರ. ಬೆರಳು ಕೊಡುವುದು ತಾಯಿ ಅಥವಾ ತಂದೆ. ಐದಕ್ಕೆ ಒಮ್ಮೆ, ಹದಿನೈದಕ್ಕೆ ಒಮ್ಮೆ ಮಗುವಿನದ್ದನ್ನು ಸೇರಿಸಬೇಕು. ಹೊಸ ನೋಂದಣಿಗೆ ದುಡ್ಡಿಲ್ಲ. ಇಂಗ್ಲಿಷಿನಲ್ಲಿ ಹೆಸರು ಹೊಡೆದ ಕೂಡಲೇ ಕನ್ನಡದ ಸಾಲು ತಾನಾಗಿ ತುಂಬಿಕೊಂಡಿತು, 'ನಾನೆ' ಅಂತ. ನಾನು ಕಾದು ಕೂತಿದ್ದವಳೇ, ತಕ್ಷಣ ಹೇಳಿದೆ. ಆ ಹುಡುಗ ದೀರ್ಘ ಅಳಿಸಿ ಸರಿಪಡಿಸಿದ. ಇಂಗ್ಲಿಷ್ ಸಾಲನ್ನು ಮಾತ್ರ ನೋಡಿ ಓಕೆ ಅನ್ನುವವರು ಬಹಳ ಜನ, ಕನ್ನಡದ ಸಾಲನ್ನೂ ಓದಿ.

ಖರ್ಚು ಕೇಳುವವರಿಗೆ: ತೊಟ್ಟಿಲ ಕಾರ್ಯದ ಖರ್ಚು ಬಿಟ್ಟರೆ, ಹೆಸರನ್ನು ಕಾಗದಕ್ಕೆ ತರಲು ನಮಗಾದದ್ದು ಸುಮಾರು 3,800 ರೂಪಾಯಿ. ಹೆಚ್ಚಿನದ್ದು ಬಸ್ಸು ಚಾರ್ಜು. ನಮ್ಮವರ ಮೂರು ದಿನದ ರಜೆ ಬೇರೆ.

ಹೋದ ವಾರ ಅಂಚೆಯವರು ಬಾಗಿಲಲ್ಲಿ ನಿಂತು ಲಕೋಟೆಯ ಮೇಲಿನ ಹೆಸರು ಓದಿ, "ಯಾರ್ರೀ ಇದು?" ಅಂತ ಕೇಳಿದರು. ಅತ್ತೆ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಹೋಗಿ, "ಇಕೀನರೀ, ನಮ್ಮ ನನೆವ್ವ" ಅಂದರು. ಮಗು ಹೆಸರು ಕೇಳಿ ಅವರ ಮುಖದ ಕಡೆ ತಿರುಗಿತು. ನಾನು ಒಳಗೆ ತಂದು ಲಕೋಟೆ ಒಡೆದು, ಮೊದಲು ಕನ್ನಡದ ಸಾಲು ನೋಡಿದೆ, ಆಮೇಲೆ ಇಂಗ್ಲಿಷಿನದ್ದು, ಮತ್ತೆ ಕನ್ನಡದ್ದು. ಎರಡೂ ಸರಿ ಇತ್ತು.